ಟ್ಯಾಬ್‌ನೊಳಗೆ ಸಿಕ್ಕಿಬಿದ್ದ ಸೋಬಾನೆ

ನಮ್ಮ ಮನೆಯಲ್ಲಿ ಒಂದು ಆಂಡ್ರಾಯ್ಡ್ ಟ್ಯಾಬ್ ಇದೆ. ಮಗಳು ಕಾಲೇಜಿನಲ್ಲಿದ್ದಾಗ, ಎಲ್ಲರೂ ಮನೆಯಲ್ಲೇ ಕೂತು ಪಾಠ ಕೇಳಬೇಕಾಗಿದ್ದ ಕಾಲದಲ್ಲಿ ಕೊಂಡದ್ದು. ಅವಳ ಓದು ಮುಗಿದ ಮೇಲೆ ಅದು ನನ್ನ ಅಮ್ಮನ ಪಾಲಿಗೆ ಬಂತು, ಬೆಳಗಿನ ಪ್ರವಚನ ಕೇಳುವುದಕ್ಕೆ. ಒಂದು ದಿನ ಅಮ್ಮನ ಕೈಯಿಂದ ಜಾರಿ ಸಿಂಕಿನೊಳಗೆ ಬಿದ್ದು ಅದರ ದನಿ ನಿಂತುಹೋಯಿತು. ಆಮೇಲೆ ಫ್ರಿಜ್ಜಿನ ಮೇಲೆ, ಹಳೆಯ ಕ್ಯಾಲೆಂಡರುಗಳ ಅಡಿಯಲ್ಲಿ ಅದರ ವಾಸ. ಮಗಳ ಮದುವೆಗೆ ಮುಂಚಿನ ವಾರಗಳಲ್ಲಿ ನಾನು ಆ ಟ್ಯಾಬ್‌ಗೆ ಬೈದಷ್ಟು ನನ್ನ ಗಂಡನಿಗೂ ಬೈದಿಲ್ಲ. ಇದನ್ನು ಅವರೇ ನಾಲ್ಕು ಜನರ ಮುಂದೆ ಹೇಳಿಕೊಂಡು ಓಡಾಡುತ್ತಾರೆ.

ಬೈದದ್ದಕ್ಕೆ ಕಾರಣವಿತ್ತು. ಅದರೊಳಗೆ ಅಮ್ಮನ ಸೋಬಾನೆ ಪದಗಳಿದ್ದವು.

ನನ್ನ ತವರು ಮಾರೇನಹಳ್ಳಿಯ ಹಳೇ ಊರಿನ ಮನೆ. ಸುತ್ತ ಬಡಾವಣೆಗಳೆದ್ದು ಹೊಲಗಳೆಲ್ಲ ಸೈಟುಗಳಾದವು, ಅಪ್ಪನ ಕಾಲಕ್ಕೇ ನಾವು ಬಾಡಿಗೆ ಮನೆಗಳ ಓನರುಗಳಾಗಿದ್ದೆವು. ಆದರೆ ಊರಿನ ಹೆಂಗಸರ ಬಾಯಲ್ಲಿ ಪದಗಳು ಮಾತ್ರ ಹಾಗೇ ಉಳಿದಿದ್ದವು. ಅರಿಶಿನ ಹಚ್ಚುವುದಕ್ಕೆ ಒಂದು, ಬಳೆ ತೊಡಿಸುವುದಕ್ಕೆ ಒಂದು, ಚಪ್ಪರಕ್ಕೆ ಒಂದು, ಕೊನೆಗೆ ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸಿಕೊಡುವಾಗ ಒಂದು. ಈ ಕೊನೆಯದನ್ನು ಹಾಡುವುದರಲ್ಲಿ ಅಮ್ಮನನ್ನು ಬಿಟ್ಟರೆ ಇಲ್ಲ ಎನ್ನುತ್ತಿದ್ದರು. ನೆಂಟರಲ್ಲಿ ಯಾರ ಮನೆಯ ಮದುವೆಯಾದರೂ ಅಮ್ಮನಿಗೆ ಆಟೋ ಬರುತ್ತಿತ್ತು. ಅಪ್ಪ ಹೋದ ಮೇಲೆ ಅವಳು ಬಸವೇಶ್ವರನಗರಕ್ಕೆ ನನ್ನ ಮನೆಗೆ ಬಂದಳು, ಆಟೋಗಳೂ ಇಲ್ಲಿಗೇ ಬರತೊಡಗಿದವು. ತಮ್ಮನ ಮನೆ ಹತ್ತಿರದಲ್ಲೇ ಇದೆ, ಆದರೆ ನನ್ನ ಮೇಲೆ ಗೊಣಗಿದಷ್ಟು ಸಲೀಸಾಗಿ ಸೊಸೆಯ ಮೇಲೆ ಗೊಣಗುವುದಕ್ಕಾಗುವುದಿಲ್ಲ ಎಂದು ಅವಳೇ ಹೇಳಿದ್ದಳು.

ಜೊತೆಗೆ ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತೀರಿಕೊಂಡರು. ಅಮ್ಮನೊಬ್ಬಳೇ ಉಳಿದಾಗ, ಒಂದು ಮಧ್ಯಾಹ್ನ ಅವಳನ್ನು ರೂಮಿನಲ್ಲಿ ಕೂರಿಸಿ, ಫ್ಯಾನ್ ಆರಿಸಿ, ಕಿಟಕಿ ಹಾಕಿ, ಟ್ಯಾಬ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸೆಕೆಗೆ ಗೊಣಗುತ್ತಲೇ ಒಂದಾದ ಮೇಲೊಂದು ಹೇಳಿದಳು. ಒಪ್ಪಿಸುವ ಪದಕ್ಕೆ ಬಂದಾಗ ಮಾತ್ರ ಸ್ವಲ್ಪ ಹಿಂಜರಿದಳು.

"ಹೆಣ್ಣಿಲ್ದೆ, ಹಸೆ ಇಲ್ದೆ ಇದನ್ನ ಹೆಂಗೇ ಹೇಳೋದು?"

"ಹೇಳಮ್ಮ ಸುಮ್ನೆ. ಯಾರು ಬಂದು ಕೇಳ್ತಾರೆ ನಿನ್ನ."

ಅಷ್ಟರಲ್ಲಿ ಮೇಲಿನ ಮನೆಯ ಬಾಡಿಗೆಯವರು ಬಂದು, ಟ್ಯಾಂಕ್ ತುಂಬಿ ನೀರು ಬೀದಿಗೆ ಹರಿಯುತ್ತಿದೆ ಎಂದು ಬಾಗಿಲು ಬಡಿದರು. ನಾನು ಕೆಂಪು ಬಟನ್ ಒತ್ತಿ, "ನೀನು ಹೇಳ್ತಾ ಇರು, ಬಂದೆ" ಎಂದು ಮೋಟಾರ್ ಆರಿಸಲು ಓಡಿದೆ. ವಾಪಸ್ ಬರುವಷ್ಟರಲ್ಲಿ ಅಮ್ಮ ಪದ ಮುಗಿಸಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ನಾನು ನಿಲ್ಲಿಸುವ ಬಟನ್ ಒತ್ತಿ ಟ್ಯಾಬ್ ಮುಚ್ಚಿಟ್ಟೆ. ಒಂದು ಸಲವೂ ಹಾಕಿ ಕೇಳಲಿಲ್ಲ. ಹಾಡುವವಳೇ ಮನೆಯಲ್ಲಿರುವಾಗ ಡಬ್ಬಿಯಲ್ಲಿರುವುದನ್ನು ಯಾರು ಕೇಳುತ್ತಾರೆ?

ಕಳೆದ ವರ್ಷ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಅಷ್ಟಿಷ್ಟು ಹಿಂದಿರುಗಿದವು, ಮಾತು ಹಿಂದಿರುಗಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಅವಳು ಹೇಳಹೊರಟರೆ ಬರೀ ದನಿ ಹೊರಡುತ್ತದೆ, ಅದಕ್ಕೆ ಆಕಾರವಿರುವುದಿಲ್ಲ. ಇಡೀ ಬಳಗದ ಹೆಣ್ಣುಮಕ್ಕಳನ್ನು ಹಾಡಿ ಕಳಿಸಿಕೊಟ್ಟವಳು ನೀರು ಬೇಕೆಂದರೂ ಲೋಟ ಕುಟ್ಟಬೇಕಾಯಿತು. ಅದೇ ಹೊತ್ತಿಗೆ ಮಗಳಿಗೆ ಗಂಡು ಗೊತ್ತಾಯಿತು. ಅಮ್ಮನಿಗೆ ಸುದ್ದಿ ಹೇಳಿದಾಗ ಅವಳು ನಕ್ಕಳು. ಆಮೇಲೆ ತನ್ನ ಗಂಟಲನ್ನು ಮುಟ್ಟಿಕೊಂಡು ಗೋಡೆ ಕಡೆಗೆ ತಿರುಗಿದಳು. ಆ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿದೆ, ಏನೇ ಆಗಲಿ ನನ್ನ ಮಗಳನ್ನು ಅಮ್ಮನ ದನಿಯಲ್ಲೇ ಒಪ್ಪಿಸಿಕೊಡಬೇಕು, ಅಮ್ಮ ಅದನ್ನು ಕೂತು ಕೇಳಬೇಕು.

ಛತ್ರದ ಮೈಕ್ ಸೆಟ್‌ನವನಿಗೆ ವಿಷಯ ಹೇಳಿದೆ. "ಪೆನ್‌ಡ್ರೈವ್‌ನಲ್ಲಿ ಹಾಕ್ಕೊಡಿ ಆಂಟಿ, ಅಷ್ಟೇ" ಎಂದ. ಆ "ಅಷ್ಟೇ" ಎನ್ನುವ ಮಾತನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಟ್ಯಾಬ್ ಕೆಳಗಿಳಿಸಿ, ಧೂಳು ಒರೆಸಿ, ಚಾರ್ಜಿಗೆ ಹಾಕಿದೆ. ವೈರನ್ನು ಒಂದು ಕಡೆಗೆ ಬಗ್ಗಿಸಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿತ್ತು. ರಬ್ಬರ್‌ಬ್ಯಾಂಡ್ ಸುತ್ತಿ, ಮೇಲೊಂದು ಚಪಾತಿ ಮಣೆ ಹೇರಿ ಕೂರಿಸಿದೆ. ಅಂತೂ ಪರದೆ ಬೆಳಗಿತು. ರೆಕಾರ್ಡಿಂಗ್‌ಗಳ ಸಾಲು ಕಂಡಿತು. ಕಂಡಿತು, ಕೇಳಿಸಲಿಲ್ಲ, ಸ್ಪೀಕರ್ ಎಂದೋ ಸತ್ತಿತ್ತಲ್ಲ. ಇಯರ್‌ಫೋನ್ ಚುಚ್ಚುವುದಕ್ಕೆ ಬೇರೆ ತೂತೇ ಅದಕ್ಕಿಲ್ಲ. ಬ್ಲೂಟೂತ್ ಆನ್ ಮಾಡಿದರೆ ಸ್ವಲ್ಪ ಹೊತ್ತು ಸುತ್ತಿ ತಾನೇ ಆಫ್ ಆಗುತ್ತಿತ್ತು. ಮೇಲ್ ಮಾಡೋಣವೆಂದರೆ ಅದು ಮಗಳ ಕಾಲೇಜಿನ ಅಕೌಂಟು, ಕಾಲೇಜು ಮುಗಿದ ಮೇಲೆ ಅದಕ್ಕೂ ಬಾಗಿಲು ಹಾಕಿದ್ದರು. ಹೊಸ ಅಕೌಂಟ್ ಹಾಕಲು ಹೋದರೆ, ಈ ಟ್ಯಾಬ್ ತುಂಬಾ ಹಳೆಯದು ಎಂಬರ್ಥದ ಒಂದು ಮಾತು ಹೇಳಿ ಸುಮ್ಮನಾಯಿತು. ಹಳೆಯದೆಂದು ನನಗೂ ಗೊತ್ತು. ನಾನೇನು ಅದನ್ನು ಮದುವೆಗೆ ಕೂರಿಸುತ್ತಿದ್ದೇನೆಯೇ?

ಮಗಳು ಕೆಲಸದಿಂದ ಬಂದವಳು ನನ್ನ ಅವಸ್ಥೆ ನೋಡಿ, "ಅಮ್ಮ, ಬಿಟ್ಬಿಡು. ನೆಟ್‌ನಲ್ಲಿ ಸೋಬಾನೆ ಬೇಕಾದಷ್ಟಿದೆ, ಅದನ್ನೇ ಹಾಕ್ಸಿದ್ರಾಯ್ತು" ಎಂದಳು.

"ನೆಟ್‌ನಲ್ಲಿರೋದು ನಿಮ್ಮಜ್ಜಿನಾ?" ಎಂದೆ. ಅವಳು ತೆಪ್ಪಗೆ ಒಳಗೆ ಹೋದಳು.

ಗಂಡನ ಹಳೆಯ ಲ್ಯಾಪ್‌ಟಾಪ್‌ಗೆ ವೈರಿನಿಂದ ಸಿಕ್ಕಿಸಿದೆ. ಟ್ಯಾಬ್ ಚಾರ್ಜ್ ಆಗತೊಡಗಿತೇ ಹೊರತು ಲ್ಯಾಪ್‌ಟಾಪಿನಲ್ಲಿ ಏನೂ ಮೂಡಲಿಲ್ಲ. ಅವರು ಪೇಪರ್ ಓದುತ್ತಲೇ ಸಲಹೆ ಕೊಟ್ಟರು. "ಆಫ್ ಮಾಡಿ ಆನ್ ಮಾಡೇ."

"ಮಾಡಿದೆ ರೀ."

"ಇನ್ನೊಂದ್ಸಲ ಮಾಡು."

ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ಇವರು ಏನು ಕೆಲಸ ಮಾಡಿರಬಹುದು ಎಂಬುದು ಆ ಹೊತ್ತು ನನಗೆ ತಿಳಿಯಿತು.

ಮಾರನೆಯ ದಿನ ಸ್ಕೂಟರ್ ಹತ್ತಿ ವಿಜಯನಗರದ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ವೈರನ್ನು ನೋಡಿದ ಕೂಡಲೇ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದ.

"ಆಂಟಿ, ಇದು ಬರೀ ಚಾರ್ಜಿಂಗ್ ಕೇಬಲ್ಲು. ಡೇಟಾ ಹೋಗಲ್ಲ ಇದ್ರಲ್ಲಿ."

"ನೋಡೋಕೆ ಎರಡೂ ಒಂದೇ ಥರ ಇವೆಯಲ್ಲಪ್ಪ."

"ನೋಡೋಕೆ ಒಂದೇ ಥರಾನೇ ಇರುತ್ತೆ."

ಹೊಸ ಕೇಬಲ್ ಸಿಕ್ಕಿಸಿದ. ಅದು ಒಳಗೆ ಪೂರ್ತಿ ಹೋಗಲೊಲ್ಲದು. ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ತೂತಿನೊಳಗೆ ಇಣುಕಿದ. "ಇದೇನು ಆಂಟಿ, ಒಳಗೆ ಕೆಂಪಗೆ ಗಟ್ಟಿಯಾಗಿ ಕೂತಿದೆ? ಜಾಮ್ ಗೀಮ್ ಚೆಲ್ಲಿತ್ತಾ?"

ಜಾಮ್ ಅಲ್ಲ ಎಂದು ನನಗೆ ತಕ್ಷಣ ಹೊಳೆಯಿತು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಅಮ್ಮನದೇ ಪಾರುಪತ್ಯ. ಸ್ಕೂಟರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೋಟಾರಿನ ಸ್ವಿಚ್ಚು, ಒಂದನ್ನೂ ಬಿಡದೆ ಒದ್ದೆ ಅರಿಶಿನ ಕುಂಕುಮ ಇಡುತ್ತಿದ್ದಳು. ಟ್ಯಾಬ್‌ಗೆ ಮುಖ ಯಾವುದು, ಬೆನ್ನು ಯಾವುದು ಎಂದು ಅವಳಿಗೆ ಅನುಮಾನ. ತಿರುಗಿಸಿ ಮುರುಗಿಸಿ ನೋಡಿ ಚಾರ್ಜಿಂಗ್ ತೂತಿಗೇ ಇಟ್ಟಿದ್ದಳು, ವರ್ಷಾವರ್ಷ. ನಾನು ಒಮ್ಮೆ ಕೇಳಿದ್ದಕ್ಕೆ, "ಕರೆಂಟು ಒಳಗೆ ಹೋಗೋ ಜಾಗ ಅಲ್ವೇನೇ ಅದು? ಜೀವ ಇರೋ ಕಡೆಗೆ ತಾನೇ ಕುಂಕುಮ ಇಡೋದು" ಎಂದಿದ್ದಳು. ಆಗ ನನಗೂ ಅದು ಸರಿಯೆಂದೇ ಕಂಡಿತ್ತು.

ಅಂಗಡಿಯವನಿಗೆ ಇದನ್ನು ಹೇಳಿದೆ. ಅವನು ನಗು ತಡೆದುಕೊಂಡು ಸೂಜಿಯಂಥದೊಂದರಿಂದ ಕೆರೆದು, ಬ್ರಷ್ಷಿನಿಂದ ಉಜ್ಜಿ, ಬಿಳಿ ಕಾಗದದ ಮೇಲೆ ಉದುರಿಸಿದ. ಒಂದು ಹಣೆಗೆ ಸಾಕಾಗುವಷ್ಟು ಕುಂಕುಮ ಬಿತ್ತು. ಅದನ್ನು ಅವನು ಕಸದ ಬುಟ್ಟಿಗೆ ಕೊಡವಲು ಹೋದಾಗ ನಾನು ಬೇಡವೆಂದು ಕಾಗದ ಮಡಿಸಿ ಪರ್ಸಿಗೆ ಹಾಕಿಕೊಂಡೆ.

ಮನೆಗೆ ಬಂದು ಸಿಕ್ಕಿಸಿದರೆ ಲ್ಯಾಪ್‌ಟಾಪಿನಲ್ಲಿ ಟ್ಯಾಬ್ ಕಾಣಿಸಿಕೊಂಡಿತು. ಖುಷಿಯಿಂದ ತೆರೆದೆ, ಒಳಗೆ ಖಾಲಿ. ಟ್ಯಾಬ್‌ನ ಪರದೆಯ ಮೇಲಿನ ಅಂಚನ್ನು ಕೆಳಗೆಳೆದು "ಫೈಲ್ ಟ್ರಾನ್ಸ್‌ಫರ್" ಎಂದು ಆರಿಸಬೇಕಂತೆ. ಅದನ್ನು ಆರಿಸಿದೆ. ಆಗ ಹತ್ತಾರು ಫೋಲ್ಡರುಗಳು ಬಂದವು, ಒಂದೊಂದರೊಳಗೂ ಇನ್ನಷ್ಟು. ಮಗಳ ಕಾಲೇಜಿನ ಪಾಠಗಳು, ಯಾರದೋ ಹುಟ್ಟುಹಬ್ಬದ ಫೋಟೋಗಳು, ನಮ್ಮ ಹಿತ್ತಲ ಬೆಕ್ಕು. ಮ್ಯೂಸಿಕ್ ಎಂಬ ಫೋಲ್ಡರಿನಲ್ಲಿ ಏನೂ ಇಲ್ಲ. ಟ್ಯಾಬ್‌ನ ಪರದೆ ಮೇಲೆ ಕಣ್ಣಿಗೆ ಕಾಣುವ ರೆಕಾರ್ಡಿಂಗ್ ಲ್ಯಾಪ್‌ಟಾಪಿನಲ್ಲಿ ಎಲ್ಲಿ ಹುಡುಕಿದರೂ ಇಲ್ಲ. ರೆಕಾರ್ಡ್ ಮಾಡುವ ಆ್ಯಪ್ ಅವುಗಳನ್ನು ತನ್ನದೇ ಗೂಡಿನಲ್ಲಿ ಬಚ್ಚಿಟ್ಟುಕೊಂಡಿತ್ತು, ಆ ಗೂಡಿಗೆ ಹೊರಗಿನವರಿಗೆ ಪ್ರವೇಶವಿಲ್ಲ ಎಂಬುದು ಆಮೇಲೆ ತಿಳಿಯಿತು. ನನ್ನ ಮನೆ, ನನ್ನ ಅಮ್ಮ, ನನ್ನ ಟ್ಯಾಬ್, ನಾನು ಹೊರಗಿನವಳು. ಕೇಬಲ್ ಕಿತ್ತು ಸೋಫಾ ಮೇಲೆ ಎಸೆದು, ಅಡುಗೆಮನೆಗೆ ಹೋಗಿ ಬೇಕೆಂದೇ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ.

ಸಿಟ್ಟು ಇಳಿದ ಮೇಲೆ ಮತ್ತೆ ಕೂತೆ. ಆ್ಯಪ್‌ನಲ್ಲಿ ಕಂಡ ಗುಂಡಿಯನ್ನೆಲ್ಲ ಒತ್ತಿದೆ. ಒಂದು ರೆಕಾರ್ಡಿಂಗ್ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಒಂದು ಪಟ್ಟಿ ತೆರೆದುಕೊಂಡಿತು. ಅದರ ತಳದಲ್ಲಿ, ಬೇರೆ ಕಡೆ ಉಳಿಸು ಎಂಬ ಆಯ್ಕೆ. ಒಂದೊಂದನ್ನೇ ಹಾಗೆ ಮ್ಯೂಸಿಕ್ ಫೋಲ್ಡರಿಗೆ ಸಾಗಿಸಿ, ಅಲ್ಲಿಂದ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಎಳೆದೆ. ಆ ಕೇಬಲ್ ಅಲ್ಲಾಡೀತೆಂದು ಮನೆಯಲ್ಲಿ ಯಾರನ್ನೂ ಆ ರೂಮಿಗೆ ಬಿಟ್ಟುಕೊಳ್ಳಲಿಲ್ಲ.

ಮೊದಲನೆಯದನ್ನು ಒತ್ತಿದೆ. ಅಮ್ಮ ಕೆಮ್ಮಿದಳು. ಆಮೇಲೆ, "ಶುರು ಮಾಡ್ಲೇನೇ?" ಎಂದಳು.

ಮಾತು. ಹಾಡಲ್ಲ, ಬರೀ ಮಾತು. ಹಾಡಿಗೆ ನಾನು ತಯಾರಾಗಿದ್ದೆ, ಮಾತಿಗೆ ತಯಾರಾಗಿರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು ಚೆನ್ನಾಗಿ ಅತ್ತೆ.

ಅರಿಶಿನದ ಪದ, ಬಳೆ ಪದ, ಚಪ್ಪರದ ಪದ, ಎಲ್ಲವೂ ಸರಿಯಾಗಿದ್ದವು. ಒಪ್ಪಿಸುವ ಪದ ಹಾಕಿದೆ. ಅದು ಕೆಟ್ಟಿತ್ತು.

ಗಂಡಿನ ತಾಯಿಗೆ ಹೆಣ್ಣಿನ ತಾಯಿ ಕೈಮುಗಿದು ಹೇಳಿಕೊಳ್ಳುವ ಪದವದು. ನಮ್ಮ ಹುಡುಗಿಗೆ ಒಲೆ ಹಚ್ಚಲು ಬಾರದು, ಹಸಿವೆಂದು ಹೇಳಲು ಬಾರದು, ನೀವೇ ನೋಡಿ ಬಡಿಸಿ ಎಂದು ನುಡಿನುಡಿಗೂ ಬೇಡಿಕೊಳ್ಳುತ್ತದೆ. ಪ್ರತಿ ನುಡಿಯ ನಡುವೆಯೂ ಅಮ್ಮನ ದನಿ ಥಟ್ಟನೆ ನಿಲ್ಲುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ, ಮತ್ತೆ ಮುಂದಿನ ಮಾತಿನಿಂದ ದನಿ. ನಡುವೆ ಏನೋ ಹಾರಿಹೋಗಿದೆ ಎಂದು ಎಂಥವರಿಗೂ ಗೊತ್ತಾಗುತ್ತಿತ್ತು. ಬೇಕಾದ್ದೇ ಇದೊಂದು, ಕೆಟ್ಟದ್ದೂ ಇದೊಂದೇ.

ಅಳಿಸಿ ಮತ್ತೆ ಸಾಗಿಸಿದೆ. ಅದೇ ಗತಿ. ಗಂಡ ಪೇಪರ್ ಮಡಿಸಿಟ್ಟು ಎದ್ದು ಬಂದು ಅವರೂ ಒಂದು ಸಲ ಸಾಗಿಸಿದರು, ಅದೇ ಗತಿ. ಟ್ಯಾಬನ್ನು ಹೊತ್ತುಕೊಂಡು ಮತ್ತೆ ವಿಜಯನಗರಕ್ಕೆ ಹೋದೆ.

ಅಂಗಡಿಯವನು ಕೇಳಿ ನೋಡಿ, "ಒರಿಜಿನಲ್ ಫೈಲೇ ಕರಪ್ಟ್ ಆಗಿದೆ ಆಂಟಿ. ಹೋಗಿದ್ದು ಹೋಯ್ತು, ವಾಪಸ್ ಬರಲ್ಲ" ಎಂದ.

"ಹಾಗಂದ್ರೆ ಹೇಗಪ್ಪ? ಮದುವೆಗೆ ಹಾಕ್ಬೇಕು ಇದನ್ನ."

"ಒಂದ್ ಕೆಲ್ಸ ಮಾಡ್ಬಹುದು. ಸೌಂಡ್ ಇಲ್ದಿರೋ ಜಾಗಾನೆಲ್ಲ ಕಟ್ ಮಾಡಿ ಸೇರಿಸ್ಬಿಡ್ತೀನಿ. ಯಾರ್ಗೂ ಗೊತ್ತಾಗಲ್ಲ."

ಅಲ್ಲೇ ಕೂತು ಕತ್ತರಿಸಿ ಹೊಲಿದುಕೊಟ್ಟ. ಅವನ ಅಂಗಡಿಯ ಗದ್ದಲದಲ್ಲಿ ನನಗೂ ಪರವಾಗಿಲ್ಲ ಎನ್ನಿಸಿತು. ಒಂದು ಪೀಡೆ ಕಳೆಯಿತೆಂದು ಮನೆಗೆ ಬಂದು, ಹಾಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟು ಜೋರಾಗಿ ಹಾಕಿದೆ. ದಿವಾನದ ಮೇಲೆ ಒರಗಿದ್ದ ಅಮ್ಮ ತನ್ನ ದನಿ ಕೇಳಿ ನೆಟ್ಟಗೆ ಕೂತಳು. ಅವಳಿಗೆ ಅದನ್ನು ಅಷ್ಟು ದಿನ ಕೇಳಿಸಿರಲಿಲ್ಲ, ಎಲ್ಲ ಸರಿಯಾದ ಮೇಲೆ ಒಟ್ಟಿಗೆ ಕೇಳಿಸೋಣವೆಂದು ತಡೆದಿದ್ದೆ. ಮೊದಲ ನುಡಿ ಮುಗಿಯುವ ಮುಂಚೆಯೇ ಅವಳ ಮುಖ ಕೆಟ್ಟಿತು. ಸ್ಟೀಲ್ ಲೋಟ ತೆಗೆದುಕೊಂಡು ದಿವಾನದ ಮರಕ್ಕೆ ಕುಟ್ಟತೊಡಗಿದಳು.

"ಏನಮ್ಮ, ನೋವಾ? ಬಾತ್‌ರೂಮಾ?"

ಅವಳು ಇನ್ನೂ ಜೋರಾಗಿ ಕುಟ್ಟಿದಳು. ನನ್ನ ಸಿಟ್ಟು ನನಗೆ ಎಲ್ಲಿಂದ ಬಂತೆಂದು ಕೇಳುವವರು ಆ ಹೊತ್ತು ಅವಳ ಮುಖ ನೋಡಬೇಕಿತ್ತು. ನಿಲ್ಲಿಸಿದೆ. ಕುಟ್ಟುವುದೂ ನಿಂತಿತು. ಮತ್ತೆ ಹಾಕಿದೆ, ಮತ್ತೆ ಕುಟ್ಟಿದಳು. ಹಾಡು ಬೇಡವೇನೋ, ಹೋದ ದನಿ ಕೇಳಿ ಸಂಕಟವಾಗುತ್ತಿದೆಯೇನೋ ಎಂದುಕೊಂಡೆ. ಇಷ್ಟೆಲ್ಲ ಒದ್ದಾಡಿದ್ದು ಅವಳಿಗಾಗಿ, ಅವಳಿಗೇ ಬೇಡವೆಂದರೆ ಮುಗಿಯಿತಲ್ಲ. ನನಗೆ ತಡೆಯಲಾಗಲಿಲ್ಲ.

"ಕೆಟ್ಟಿರೋದು ಇನ್ನೂ ಇದೆ ನೋಡು, ಅದನ್ನೂ ಕೇಳ್ಕೋ" ಎಂದು, ಕತ್ತರಿಸದೆ ಉಳಿದಿದ್ದ ಹಳೆಯ ಫೈಲನ್ನು ಒತ್ತಿದೆ.

ಲೋಟ ಕೆಳಗಿಟ್ಟಳು. ಕಣ್ಣು ಮುಚ್ಚಿ ತಲೆದೂಗಿದಳು. ಅಷ್ಟರಲ್ಲಿ ಮಗಳು ಕೆಲಸದಿಂದ ಬಂದು, ಹೆಲ್ಮೆಟ್ ತೆಗೆಯುತ್ತ ಬಾಗಿಲಲ್ಲಿ ನಿಂತಳು. ದನಿ ನಿಂತಿತು. ಅಮ್ಮ ಕಣ್ಣು ಬಿಟ್ಟು ಕೈ ಎತ್ತಿ ನನ್ನ ಮಗಳನ್ನು ತೋರಿಸಿದಳು. ದನಿ ಮುಂದುವರಿಯಿತು, ಕೈ ಇಳಿಯಿತು. ಮುಂದಿನ ನುಡಿ, ಮತ್ತೆ ದನಿ ನಿಂತಿತು, ಮತ್ತೆ ಕೈ ಎದ್ದಿತು, ಮಗಳ ಕಡೆಗೇ. ತುಟಿಗಳು ಮಗಳ ಹೆಸರಿನ ಆಕಾರದಲ್ಲಿ ಅಲುಗಿದವು.

ಮೂರನೆಯ ನುಡಿಗೆ ನನಗೆ ಅರ್ಥವಾಯಿತು. ಆ ಪದದಲ್ಲಿ ನುಡಿಗೊಮ್ಮೆ ಮದುಮಗಳ ಹೆಸರು ಬರಬೇಕು. ಅಮ್ಮ ಯಾರ ಮದುವೆಯಲ್ಲಿ ಹಾಡಿದರೂ ಆ ಹುಡುಗಿಯ ಹೆಸರು ಸೇರಿಸಿಯೇ ಹಾಡುತ್ತಿದ್ದಳು, ಹೆಸರಿಲ್ಲದೆ ಆ ಪದವನ್ನು ನಾನು ಎಂದೂ ಕೇಳಿದವಳೇ ಅಲ್ಲ. ಮದುವೆ ಗೊತ್ತಾಗದ ಹೆಣ್ಣಿನ ಹೆಸರನ್ನು ಒಪ್ಪಿಸುವ ಪದದಲ್ಲಿ ಎತ್ತಬಾರದು ಎನ್ನುವುದು ನಮ್ಮ ಕಡೆಯ ಹೆಂಗಸರ ಕಟ್ಟುನಿಟ್ಟು. ಆವತ್ತು ಮನೆಯಲ್ಲಿ ಹಸೆ ಇರಲಿಲ್ಲ, ಮದುಮಗಳಿರಲಿಲ್ಲ, ನಾನೂ ರೂಮಿನಲ್ಲಿರಲಿಲ್ಲ. ಅವಳು ಯಾರ ಹೆಸರನ್ನೂ ಎತ್ತದೆ, ತಾಳ ತಪ್ಪದೆ, ಹೆಸರಿನ ಜಾಗ ಬಿಟ್ಟು ಹಾಡಿಟ್ಟಿದ್ದಳು. ಅದನ್ನೇ ನಾನು ಹಣ ಕೊಟ್ಟು ಕತ್ತರಿಸಿಕೊಂಡು ಬಂದಿದ್ದೆ.

"ಹೇಳಬಾರ್ದೇನಮ್ಮ ಆವತ್ತೇ?" ಎಂದು ಗದರಿದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

ಮದುವೆಯ ದಿನ ಧಾರೆ ಮುಗಿದು ಒಪ್ಪಿಸುವ ಶಾಸ್ತ್ರಕ್ಕೆ ಕೂತಾಗ, ಟ್ಯಾಬ್‌ನಿಂದ ಕೆರೆದು ತಂದಿದ್ದ ಕುಂಕುಮವನ್ನು ಮಗಳ ಹಣೆಗಿಟ್ಟೆ. ಅಮ್ಮನನ್ನು ಕುರ್ಚಿ ಹಾಕಿ ಹಸೆಯ ಪಕ್ಕದಲ್ಲೇ ಕೂರಿಸಿದ್ದೆವು. ಸ್ಪೀಕರಿನಿಂದ ಅವಳ ದನಿ ಇಡೀ ಛತ್ರವನ್ನು ತುಂಬಿತು. ಮೊದಲ ನುಡಿಯಲ್ಲಿ ದನಿ ನಿಂತಾಗ ಮೈಕ್ ಸೆಟ್‌ನವನು ವೈರ್ ಬಿಟ್ಟುಹೋಯಿತೆಂದು ಗಾಬರಿಯಾಗಿ ಎದ್ದ. ಸುಮ್ಮನಿರೆಂದು ಕೈಸನ್ನೆ ಮಾಡಿ ನಾನೇ ಮಗಳ ಹೆಸರು ಹೇಳಿದೆ. ಎರಡನೆಯದಕ್ಕೆ ಬಳಗದ ಹೆಂಗಸರೂ ದನಿಗೂಡಿಸಿದರು. ಹೀಗೇ ಸಾಗಿತು. ಕೊನೆಯ ನುಡಿಗೆ ಬರುವಷ್ಟರಲ್ಲಿ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು, ನಾನು ಅಳುತ್ತಿದ್ದೆ, ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ದನಿ ನಿಂತಿತು. ಯಾರೂ ಹೇಳಲಿಲ್ಲ.

ಕುರ್ಚಿಯಿಂದ ಅಮ್ಮ ಹೇಳಿದಳು. ಹೆಸರಿನ ಮೊದಲ ಅರ್ಧ ಮಾತ್ರ, ಒಡೆದ ದನಿಯಲ್ಲಿ, ಆದರೆ ಸರಿಯಾದ ಜಾಗಕ್ಕೆ. ಮುಂದಿನ ಮಾತನ್ನು ಸ್ಪೀಕರಿನಲ್ಲಿದ್ದ ಅವಳೇ ಎತ್ತಿಕೊಂಡಳು.

ಛತ್ರ ಖಾಲಿ ಮಾಡುವಾಗ ಮೈಕ್ ಸೆಟ್‌ನವನು ಪೆನ್‌ಡ್ರೈವ್ ವಾಪಸ್ ಕೊಟ್ಟ. "ಆಂಟಿ, ಆ ಲಾಸ್ಟ್ ಹಾಡು ಅಲ್ಲಲ್ಲಿ ಕಟ್ ಆಗಿದೆ. ನಮ್ ಹುಡುಗ್ರಿದಾರೆ, ಬೇಕಿದ್ರೆ ಸರಿ ಮಾಡ್ಸಿಕೊಡ್ತೀನಿ."

"ಬೇಡಪ್ಪ, ಹಾಗೇ ಇರ್ಲಿ" ಎಂದೆ. "ನನ್ನ ತಮ್ಮನಿಗೂ ಒಬ್ಬ ಮಗಳಿದಾಳೆ."